ನಮ್ಮೂರಿನ ಹೆಸರು ಮತ್ತು ಮೂವತ್ತಮೂರು ಚೌಕಗಳು

ಮೊದಲೇ ಹೇಳಿಬಿಡ್ತೀನಿ, ಈ ಸಲದ್ದು ಸ್ವಲ್ಪ ಉದ್ದದ ಬರಹ. ಬೋರ್ಡು, ಚಿಪ್ಪು, ಬಟನ್ನು ಅಂತೆಲ್ಲ ಬರುತ್ತೆ. ಓಡಿ ಹೋಗಬೇಡಿ. ಮುಕ್ಕಾಲು ಪಾಲು ಇದು ಕನ್ನಡ ಅಕ್ಷರದ ಇತಿಹಾಸವೇ. ‘ಬರಹ’, ‘ನುಡಿ’ ಕಾಲದಿಂದ ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುತ್ತಾ ಬಂದವರಿಗೆ ಇದರಲ್ಲಿ ಹಳೇ ಪರಿಚಯದ ಮುಖಗಳು ಸಿಗುತ್ತವೆ.

ನನ್ನ ಹತ್ತಿರ ಇರೋದು ಒಂದು ಪುಟ್ಟ ಇ-ಪೇಪರ್ ಬೋರ್ಡು. (ಇ-ಪೇಪರ್ ಅಂದರೆ ಬೆಳಿಗ್ಗೆ ಮೊಬೈಲಿನಲ್ಲಿ ತೆರೆಯೋ ದಿನಪತ್ರಿಕೆ ಅಲ್ಲ. ಕಿಂಡಲ್‌ನಲ್ಲಿ ಇರುತ್ತಲ್ಲ, ಕಾಗದದ ಹಾಗೇ ಕಾಣೋ ಪರದೆ, ಅದು.) ಪರದೆ 2.9 ಇಂಚು. ಅಡ್ಡಕ್ಕೆ 296 ಚುಕ್ಕಿ, ಉದ್ದಕ್ಕೆ 128 ಚುಕ್ಕಿ. ಕೆಳಗಡೆ ಮೂರು ಬಟನ್, ಪಕ್ಕದಲ್ಲಿ ಎರಡು. ಒಳಗೆ ಆರ್‌ಪಿ2040 ಅನ್ನೋ ಚಿಪ್, ಪ್ರೋಗ್ರಾಂ ಮತ್ತು ಚಿತ್ರಗಳನ್ನ ಇಡೋಕೆ 2 ಎಂಬಿ ಜಾಗ. ಇಡೀ ಪರದೆಯ ಚಿತ್ರಕ್ಕೆ ಬೇಕಾದ್ದು 4,736 ಬೈಟ್ ಅಷ್ಟೇ. ಈಗಿನ ಫೋನುಗಳ ಮುಂದೆ ಇದು ಅಂಗಡಿ ಚೀಟಿ ಇದ್ದ ಹಾಗೆ. ನಿಜಕ್ಕೂ ಈ ಅಳತೆಯ ಪರದೆಗಳು ಅಗ್ಗವಾಗಿದ್ದಕ್ಕೆ ಒಂದು ದೊಡ್ಡ ಕಾರಣ ಸೂಪರ್ ಮಾರ್ಕೆಟ್ಟಿನ ಬೆಲೆ ಚೀಟಿಗಳೇ.

ಬೋರ್ಡು ತಂದದ್ದು ಕ್ಯಾಸಂಬಳ್ಳಿಯಲ್ಲಿರೋ ಅಮ್ಮನಿಗೆ. ಅಮ್ಮ ದಿನಕ್ಕೆರಡು ಹೊತ್ತು ಡೈರಿಗೆ ಹಾಲು ಹಾಕ್ತಾಳೆ. ಲೆಕ್ಕ ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ, ಪೆನ್ಸಿಲಿನಲ್ಲಿ. ಅದನ್ನೇ ಬಟನ್ ಒತ್ತಿ ಬರೆದಿಡೋ ಹಾಗೆ ಮಾಡೋದು ನನ್ನ ಆಸೆ. ಅಮ್ಮನಿಗೆ ಓದೋಕೆ ಬರೋದು ಕನ್ನಡ ಒಂದೇ. ನಮ್ಮ ಕಡೆ ನಿಮಗೆ ಗೊತ್ತಲ್ಲ, ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಕೆಜಿಎಫ್ ಪೇಟೆಗೆ ಹೋದರೆ ತಮಿಳು. ಮಾತು ಮೂರಾದರೂ ನಮ್ಮ ಮನೆಯ ಓದುಬರಹ ಕನ್ನಡದ್ದೇ.

ಇಂಥಾ ಬೋರ್ಡಿಗೆ ಮೈಕ್ರೋಪೈಥಾನಿನಲ್ಲಿ ಪ್ರೋಗ್ರಾಂ ಬರೆಯೋದು ಕಷ್ಟವೇನಲ್ಲ. ಇಂಥ ಜಾಗದಲ್ಲಿ ಇಂಥ ಪಠ್ಯ ಬರೆ ಅನ್ನೋದಕ್ಕೆ ಒಂದೇ ಸಾಲು ಸಾಕು. ಊರಿನ ಹೆಸರನ್ನ ಇಂಗ್ಲಿಷಿನಲ್ಲಿ ಕೊಟ್ಟೆ, ಅಚ್ಚುಕಟ್ಟಾಗಿ ಬಂತು. ಕನ್ನಡದಲ್ಲಿ ಕೊಟ್ಟೆ. ಪರದೆಯ ಈ ತುದಿಯಿಂದ ಆ ತುದಿವರೆಗೆ ಒಂದೇ ಥರದ ಚೌಕಗಳು. ಎಣಿಸಿದೆ, ಸರಿಯಾಗಿ 33. ವಿಂಡೋಸ್ 98 ಕಾಲದಲ್ಲಿ ಕನ್ನಡದ ಪುಟ ತೆರೆದು ಡಬ್ಬಗಳನ್ನ ನೋಡಿದವರಿಗೆ ಇದು ಹೊಸದಲ್ಲ :)

ಯಾಕೆ 33 ಅನ್ನೋದಕ್ಕೆ ಲೆಕ್ಕ ಇದೆ. ಕ್ಯಾಸಂಬಳ್ಳಿ ಅನ್ನೋದನ್ನ ನಾವು ಓದೋದು ನಾಲ್ಕು ಅಕ್ಷರವಾಗಿ: ಕ್ಯಾ, ಸಂ, ಬ, ಳ್ಳಿ. ಯೂನಿಕೋಡಿನಲ್ಲಿ ಅದು 11 ಸಂಕೇತ. ಕ, ವಿರಾಮ, ಯ, ದೀರ್ಘ, ಸ, ಸೊನ್ನೆ, ಬ, ಳ, ವಿರಾಮ, ಳ, ಗುಡಿಸು. ಪ್ರತಿಯೊಂದಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್. ಹನ್ನೊಂದ್ಮೂರ್ಲ ಮೂವತ್ತಮೂರು. ಬೋರ್ಡಿನ ಒಳಗಿರೋ ಸಿದ್ಧ ಫಾಂಟು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಇಂಗ್ಲಿಷ್ ಅಕ್ಷರಗಳದ್ದು. ಅದಕ್ಕೆ ಪರಿಚಯವಿಲ್ಲದ ಪ್ರತಿ ಬೈಟಿಗೂ ಒಂದೊಂದು ಚೌಕ ಬಿಡಿಸುತ್ತೆ. 33ನ್ನ 8ರಿಂದ ಗುಣಿಸಿದರೆ 264 ಚುಕ್ಕಿ, 296ರ ಪರದೆ ಹತ್ತಿರ ಹತ್ತಿರ ತುಂಬಿತು.

ಫಾಂಟು ಕೊಟ್ಟುಬಿಟ್ಟರೆ ಮುಗೀತಲ್ಲ ಅಂತ ನಿಮಗೆ ಅನ್ನಿಸಬಹುದು. ಮುಗಿಯಲ್ಲ. ಕೊನೆಯ ‘ಳ್ಳಿ’ ನೋಡಿ. ನೆನಪಿನಲ್ಲಿ ಇರೋ ಕ್ರಮ ಳ, ವಿರಾಮ, ಳ, ಗುಡಿಸು. ಕೈಯಲ್ಲಿ ಬರೆಯೋವಾಗ ನಾವೇನು ಮಾಡ್ತೀವಿ? ಮೊದಲ ಳಕಾರಕ್ಕೇ ಗುಡಿಸು ಕೊಟ್ಟು ‘ಳಿ’ ಬರೆದು, ಆಮೇಲೆ ಕೆಳಗೆ ಒತ್ತು ಕೊಡ್ತೀವಿ. ಉಚ್ಚಾರದಲ್ಲಿ ಕಡೆಗೆ ಬರೋ ಸ್ವರ ಬರವಣಿಗೆಯಲ್ಲಿ ಮೊದಲ ವ್ಯಂಜನದ ತಲೆಯ ಮೇಲೆ ಕೂರುತ್ತೆ. ‘ಕ್ಯಾ’ ಕೂಡ ಅಷ್ಟೇ, ದೀರ್ಘ ಹೋಗೋದು ಕಕಾರಕ್ಕೆ, ಯ ಒತ್ತಾಗಿ ಇಳಿಯುತ್ತೆ. ಒಂದಾದ ಮೇಲೊಂದು ಡಬ್ಬ ಜೋಡಿಸಿದರೆ ಪಠ್ಯ ಅಂತ ತಿಳಿದಿರೋ ಯಂತ್ರಕ್ಕೆ ಇದನ್ನ ಯಾರಾದರೂ ಕಲಿಸಲೇಬೇಕು. ನಮ್ಮೂರಿನ ಹೆಸರಿನಲ್ಲಿ ಒತ್ತು, ದೀರ್ಘ, ಸೊನ್ನೆ, ಸಜಾತಿ ಒತ್ತಕ್ಷರ ಎಲ್ಲವೂ ಇವೆ. ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೆ ಪದ ಬೇಕಿಲ್ಲ.

ಅಂದ ಹಾಗೆ ಈ ಹೆಸರನ್ನ ಕನ್ನಡದವರೆಲ್ಲ ಒಂದಲ್ಲ ಒಂದು ಸಲ ಹೇಳಿದ್ದೀರಿ, ಗೊತ್ತಿಲ್ಲದೆ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿ ನಮ್ಮೂರಿನವರು, ಹುಟ್ಟಿದ್ದು 1902ರಲ್ಲಿ. ಆ ‘ಕೆ’ ಅಂದರೆ ಕ್ಯಾಸಂಬಳ್ಳಿ. 1947ರ ಅಕ್ಟೋಬರಿನಿಂದ 1952ರ ಮಾರ್ಚಿವರೆಗೆ ಅವರು ಅಧಿಕಾರದಲ್ಲಿದ್ದರು. ಅಷ್ಟೂ ಕಾಲ ನಮ್ಮೂರು ಸರ್ಕಾರಿ ಕಾಗದಗಳಲ್ಲಿ ಇಂಗ್ಲಿಷಿನ ಒಂದು ಅಕ್ಷರವಾಗಿ ಓಡಾಡಿತು. ನಾಲ್ಕು ಅಕ್ಷರದ ಊರು ಒಂದು ಇನಿಷಿಯಲ್ ಆಗಿದ್ದು ಹಾಗೆ. (ಇನ್ನೊಂದು ‘ಕೆ’ ಬಗ್ಗೆ ಮುಂದೆ ಹೇಳ್ತೀನಿ, ನೆನಪಿಟ್ಟುಕೊಳ್ಳಿ.)

ಡಬ್ಬ ಜೋಡಿಸೋ ಯಂತ್ರದ ಜೊತೆ ಕನ್ನಡದ ಮೊದಲ ಗುದ್ದಾಟ ಕಂಪ್ಯೂಟರಿನದ್ದಲ್ಲ, ಟೈಪ್‌ರೈಟರಿನದ್ದು. ಇಂಗ್ಲಿಷ್ ಯಂತ್ರದಲ್ಲಿ ಇರೋದು ನಲವತ್ತು ಚಿಲ್ಲರೆ ಕೀಲಿ, ಶಿಫ್ಟ್ ಸೇರಿಸಿದರೆ ತೊಂಬತ್ತರ ಆಸುಪಾಸು ಗುರುತು. ಅಷ್ಟರಲ್ಲಿ ಕನ್ನಡದ ಕಾಗುಣಿತ, ಒತ್ತು ಎಲ್ಲ ಹಿಡಿಸಬೇಕು. ಕನ್ನಡ ಬೆರಳಚ್ಚು ಯಂತ್ರದ ಜನಕ ಅಂತ ಹೆಸರಾದ ಅನಂತಸುಬ್ಬರಾಯರ ಮುಂದೆ ಇದ್ದದ್ದು ಇದೇ ಲೆಕ್ಕ. ದಾರಿ ಒಂದೇ, ಅಕ್ಷರವನ್ನ ಒಡೆಯೋದು. ಮೈ ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಟೈಪಿಸ್ಟರ ಬೆರಳು ಈ ತುಂಡುಗಳನ್ನ ಕಾಗದದ ಮೇಲೆ ಒಂದುಗೂಡಿಸುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಜ್ಞಾನ ಯಂತ್ರದಲ್ಲಿ ಇರಲಿಲ್ಲ, ಟೈಪ್ ಮಾಡೋರ ತಲೆಯಲ್ಲಿತ್ತು.

ಆ ಜ್ಞಾನವನ್ನ ಯಂತ್ರದೊಳಕ್ಕೆ ತಳ್ಳಿದ್ದು 1980ರ ದಶಕ. ಕಾನ್ಪುರದ ಐಐಟಿಯಲ್ಲಿ ಮೊದಲಾದ ಕೆಲಸ ಆಮೇಲೆ ಪುಣೆಯ ಸಿ-ಡಾಕ್ ಕೈಯಲ್ಲಿ ‘ಜಿಸ್ಟ್ ಕಾರ್ಡ್’ ಅಂತ ಹೊರಬಂತು. ಕಂಪ್ಯೂಟರಿನ ಹೊಟ್ಟೆಗೆ ಸಿಕ್ಕಿಸೋ ಒಂದು ಹಲಗೆ ಅದು. ಭಾರತದ ಲಿಪಿಗಳನ್ನ ಬಿಡಿಸೋ ಕೆಲಸವನ್ನ ಆ ಹಲಗೆಯೇ ನೋಡಿಕೊಳ್ಳುತ್ತಿತ್ತು. ಅದಕ್ಕೆ ಜೊತೆಯಾಗಿ ಬಂದ ಸಂಕೇತ ಪದ್ಧತಿ ‘ಇಸ್ಕಿ’, 1991ರಲ್ಲಿ ಭಾರತೀಯ ಮಾನಕವಾಯಿತು. ಅದರ ತತ್ವ ಸರಳ: ಉಳಿಸೋದು ಉಚ್ಚಾರದ ಕ್ರಮದಲ್ಲಿ, ಬಿಡಿಸೋದು ಆಕಾರದ ಕ್ರಮದಲ್ಲಿ. ಅದೇ ವರ್ಷ ಬಂದ ಯೂನಿಕೋಡಿನ ಮೊದಲ ಆವೃತ್ತಿ ಕನ್ನಡಕ್ಕೂ ಜಾಗ ಕೊಟ್ಟಿತು. ಅಲ್ಲೂ ತತ್ವ ಇದೇ, ಇಸ್ಕಿಯಿಂದಲೇ ಬಂದದ್ದು.

ಈಗ ಆ ಇನ್ನೊಂದು ‘ಕೆ’. ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್. ಮಂಗಳೂರಿನ ಹತ್ತಿರದ ಕಿನ್ನಿಕಂಬಳ ಇವರ ಇನಿಷಿಯಲ್ಲಿನಲ್ಲಿ ಅಡಗಿದೆ, ನಮ್ಮೂರು ಚೆಂಗಲರಾಯ ರೆಡ್ಡಿಯವರ ಇನಿಷಿಯಲ್ಲಿನಲ್ಲಿ ಅಡಗಿದ ಹಾಗೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಆಮೇಲೆ ಅಚ್ಚಿನ ಮೊಳೆಗಳ ಲೋಕದ ಮೋನೋಟೈಪ್, ಹೀಗೆ ಲಿಪಿಯ ಜೊತೆಗೇ ಬದುಕಿದವರು. ಅವರು ಕೊಟ್ಟ ಕೀಲಿಮಣೆಯಲ್ಲಿ ನಾವು ಅಕ್ಷರದ ಆಕಾರ ಒತ್ತೋದಿಲ್ಲ, ಉಚ್ಚಾರ ಒತ್ತುತ್ತೀವಿ. ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಕುಟ್ಟಿದ್ದು ನೆನಪಿದೆಯಾ? ಕ, ಎಫ್, ಯ, ದೀರ್ಘ ಅಂದರೆ ‘ಕ್ಯಾ’. ಬೆರಳು ಉಚ್ಚಾರದ ಕ್ರಮದಲ್ಲಿ ಓಡುತ್ತೆ, ಪರದೆಯ ಮೇಲೆ ಆಕಾರ ತಾನೇ ಸರಿಹೋಗುತ್ತೆ. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’, ಪಂಡಿತ ಸೇಡಿಯಾಪು ಕೃಷ್ಣ ಭಟ್ಟರದ್ದು. ಅದನ್ನ ಪುಕ್ಕಟೆ ಹಂಚಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇದೇ ಕೀಲಿಮಣೆ ಬಂತು, ರಾಜ್ಯ ಸರ್ಕಾರವೂ ಒಪ್ಪಿಕೊಂಡಿತು. ಟೈಪಿಸ್ಟರ ತಲೆಯಲ್ಲಿದ್ದ ಜ್ಞಾನ ಯಂತ್ರಕ್ಕೆ ಹೋದದ್ದರಿಂದಲೇ ನನ್ನಂಥ ಟೈಪಿಂಗ್ ಕ್ಲಾಸಿನ ಮುಖ ನೋಡದವರೂ ಕನ್ನಡದಲ್ಲಿ ಬರೆಯೋ ಹಾಗಾಯಿತು.

ಆದರೆ ಪರದೆಯ ಹಿಂದೆ ಆಗುತ್ತಿದ್ದದ್ದೇನು? 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು, ಆಮೇಲೆ ನುಡಿ ಬಂತು. ಆಗ ವಿಂಡೋಸಿಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಫಾಂಟಿನ ವೇಷ ಹಾಕಿ ಕನ್ನಡವನ್ನ ಒಳಗೆ ನುಗ್ಗಿಸಬೇಕಿತ್ತು. ಒಂದು ಫಾಂಟಿನಲ್ಲಿ 256 ಜಾಗ, ಮೊದಲ 32 ಮುಟ್ಟೋ ಹಾಗಿಲ್ಲ. ಉಳಿದದ್ದರಲ್ಲಿ ಕನ್ನಡದ ತುಂಡುಗಳನ್ನ ತುಂಬಿದರು. ಟೈಪ್‌ರೈಟರಿನ ಅದೇ ಹಳೇ ಉಪಾಯ, ತುಂಡುಗಳು ಮಾತ್ರ ಜಾಸ್ತಿ, ನುಣುಪು.

ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನುಡಿ ಕಡತ ತೆರೆದರೆ ‘ಕನ್ನಡ’ ಅನ್ನೋ ಪದ ಹೇಗೆ ಕಾಣುತ್ತಿತ್ತು ಜ್ಞಾಪಿಸಿಕೊಳ್ಳಿ. ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟು ಹೊತ್ತ ಎ, ಇಂಗ್ಲೆಂಡಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಎ. ನಾವು ನಗುತ್ತಿದ್ದೆವು, ಬೈಯುತ್ತಿದ್ದೆವು. ಆದರೆ ಅದು ಕಸ ಅಲ್ಲ. ಪಿ ಅಂದರೆ ತಲೆಕಟ್ಟಿಲ್ಲದ ಕಕಾರ. ಗೀಟು ಹೊತ್ತ ಎ ಅಂದರೆ ತಲೆಕಟ್ಟು. ಪೌಂಡು ನಕಾರದ ಮೈ, ಜರ್ಮನ್ ಅಕ್ಷರ ನಕಾರದ ಒತ್ತು, ಕ್ಯೂ ಡಕಾರದ ಮೈ. ಏಳು ತುಂಡು, ಎಡದಿಂದ ಬಲಕ್ಕೆ, ಬರೆಯೋ ಕ್ರಮದಲ್ಲೇ. ನಮ್ಮೂರನ್ನ ಹೀಗೆ ಬರೆದರೆ 9 ತುಂಡು: ಕಕಾರದ ಮೈ, ದೀರ್ಘ, ಯ ಒತ್ತು, ಸಕಾರದ ಮೈ, ತಲೆಕಟ್ಟು, ಸೊನ್ನೆ, ಬ, ಳಿ, ಳ ಒತ್ತು. 9 ಬೈಟ್ ಅಷ್ಟೇ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟು ಬಂತು, ಯೂನಿಕೋಡ್ ಕನ್ನಡ ಬಂತು, ನಾವೆಲ್ಲ ಬ್ಲಾಗು ತೆರೆದೆವು. ಹಳೇ ತುಂಡಿನ ಪದ್ಧತಿಯನ್ನ ಬಿಡಿಸಿ ಬಿಡಿಸಿ ಹೇಳಿ ಜನರನ್ನ ಯೂನಿಕೋಡಿಗೆ ಎಳೆದೆವು. ಸರಿಯೇ. ಹುಡುಕೋಕೆ, ಅಕಾರಾದಿ ಜೋಡಿಸೋಕೆ, ಎಲ್ಲ ಕಡೆ ಓದೋಕೆ ಯೂನಿಕೋಡೇ ಬೇಕು. ಆದರೆ ಯೂನಿಕೋಡಿನ ಕನ್ನಡ ಕಣ್ಣಿಗೆ ಕಾಣಬೇಕಾದರೆ ಹಿಂದೆ ದೊಡ್ಡದೊಂದು ಯಂತ್ರ ದುಡಿಯುತ್ತಿರಬೇಕು ಅನ್ನೋದು ನಮಗೆ ಕಾಣಲಿಲ್ಲ, ಯಾಕಂದರೆ ಕಂಪ್ಯೂಟರು ದೊಡ್ಡದಿತ್ತು. ಇವತ್ತು ನಿಮ್ಮ ಫೈರ್‌ಫಾಕ್ಸಿನಲ್ಲಿ, ಆಂಡ್ರಾಯ್ಡ್ ಫೋನಿನಲ್ಲಿ ಆ ಕೆಲಸ ಮಾಡೋದು ‘ಹಾರ್ಫ್‌ಬಜ್’ ಅನ್ನೋ ತಂತ್ರಾಂಶ. ಆಂಡ್ರಾಯ್ಡಿಗೆ ಕನ್ನಡ ಬಂದದ್ದೇ 2012ರ 4.1ರ ಆವೃತ್ತಿಯಲ್ಲಿ.

ಸಣ್ಣ ಪರದೆಯಲ್ಲಿ ಕನ್ನಡ ತರಬೇಕು ಅಂತ ಹಟ ಹಿಡಿದವರು ನಮ್ಮಲ್ಲೇ ಇದ್ದರು. ಸಿಂಪ್ಯೂಟರ್ ನೆನಪಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಕಂಪನಿಯವರು ಸೇರಿ ಮಾಡಿದ ಕೈಯಳತೆಯ ಕಂಪ್ಯೂಟರು. 2001ರ ಏಪ್ರಿಲಿನಲ್ಲಿ ಮಾದರಿ ತೋರಿಸಿದರು. ಹೆಸರಿನಲ್ಲಿದ್ದ ‘ಸಿಂ’ ಬರೀ ಸಿಂಪಲ್ ಅಲ್ಲ. ಸಿಂಪಲ್, ಇನೆಕ್ಸ್‌ಪೆನ್ಸಿವ್, ಮಲ್ಟಿಲಿಂಗ್ವಲ್. ಬಹುಭಾಷೆ ಅನ್ನೋದು ಹೆಸರಿನಲ್ಲೇ ಇತ್ತು, ಆಮೇಲೆ ಅಂಟಿಸಿದ್ದಲ್ಲ. ಪರದೆ 320ಕ್ಕೆ 240 ಚುಕ್ಕಿ, ಒಳಗೆ ಲಿನಕ್ಸ್. ಓದಲು ಬಾರದವರಿಗಾಗಿ ಪಠ್ಯವನ್ನ ಓದಿ ಹೇಳೋ ‘ಧ್ವನಿ’ ಅನ್ನೋ ತಂತ್ರಾಂಶ, ಕನ್ನಡದಲ್ಲೂ. ಯಂತ್ರ ಒಂದೇ ಇದ್ದರೂ ಊರಿನವರೆಲ್ಲ ತಂತಮ್ಮ ಸ್ಮಾರ್ಟ್ ಕಾರ್ಡು ತೂರಿಸಿ ಬಳಸಲಿ ಅನ್ನೋ ಯೋಚನೆ. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ಕಡಿಮೆ ಅಂದರೂ ಹತ್ತು ಸಾವಿರ ರೂಪಾಯಿ. ಕೈಯನ್ನ ಹೀಗೆ ಅಲುಗಿಸಿದರೆ ಪುಟ ತಿರುಗೋ ಸೌಕರ್ಯ ಅದರಲ್ಲಿತ್ತು. ಐಫೋನ್ ಬರೋಕೆ ಇನ್ನೂ ಮೂರು ವರ್ಷ ಇತ್ತು ಸ್ವಾಮೀ! ನಮ್ಮ ರಾಜ್ಯ ಸರ್ಕಾರ ಭೂ ದಾಖಲೆಯ ಕೆಲಸಕ್ಕೆ ಬಳಸಿಯೂ ನೋಡಿತು. ಐವತ್ತು ಸಾವಿರ ಮಾರಬಹುದು ಅಂತ ಅಂದಾಜಿಸಿದ್ದ ಕಡೆ ಮಾರಾಟವಾದದ್ದು ನಾಲ್ಕು ಸಾವಿರದಷ್ಟು.

ಸಿಂಪ್ಯೂಟರ್ ಸೋತಿತು ಅಂತ ಎಲ್ಲರೂ ಬರೀತಾರೆ. ವ್ಯಾಪಾರದಲ್ಲಿ ಸೋತಿತು, ಹೌದು. ನನಗೆ ಮುಖ್ಯ ಅನ್ನಿಸೋದು ಬೇರೆ. ಯಂತ್ರದ ನಕ್ಷೆ ಬರೆಯೋ ಮೇಜಿನ ಮೇಲೇ ಕನ್ನಡ ಕೂತಿತ್ತು. ಅದಾದ ಎರಡು ವರ್ಷಕ್ಕೆ ಬಂದದ್ದನ್ನ ನೋಡಿದರೆ ಆ ವ್ಯತ್ಯಾಸ ಗೊತ್ತಾಗುತ್ತೆ.

2006ರ ನವೆಂಬರಿನಲ್ಲಿ ಮೋಟೊರೋಲಾ ‘ಮೋಟೋಫೋನ್ ಎಫ್3’ ಅನ್ನೋ ಫೋನು ಬಿಡುಗಡೆ ಮಾಡಿತು. ಇ-ಪೇಪರ್ ಪರದೆ ಇದ್ದ ಮೊದಲ ಫೋನು, ಅದೂ ಮೊದಲು ಬಂದದ್ದು ಭಾರತಕ್ಕೇ. ಕಡಿಮೆ ಬೆಲೆ, ಬಿಸಿಲಲ್ಲೂ ಚೆನ್ನಾಗಿ ಕಾಣುತ್ತೆ, ಬ್ಯಾಟರಿ ಬಹಳ ದಿನ ಬರುತ್ತೆ. ಹಳ್ಳಿಯವರಿಗಾಗಿಯೇ ಮಾಡಿದ ಹಾಗಿತ್ತು. ಪರದೆಯಲ್ಲಿ ಎರಡು ಸಾಲು, ಸಾಲಿಗೆ ಆರು ಅಕ್ಷರ. ಆದರೆ ಅದು ಚುಕ್ಕಿಗಳ ಪರದೆಯಲ್ಲ, ಕ್ಯಾಲ್ಕುಲೇಟರಿನ ಹಾಗೆ ಅಚ್ಚು ಹೊಯ್ದ ಕಡ್ಡಿಗಳದ್ದು. ಆ ಕಡ್ಡಿಗಳಲ್ಲಿ ಮೂಡೋದು ಇಂಗ್ಲಿಷ್ ಅಕ್ಷರ, ಅಂಕಿ, ಅಷ್ಟೇ. ತಮಾಷೆ ನೋಡಿ, ನಮ್ಮೂರಿನ ಹೆಸರಿಗೆ ಇಂಗ್ಲಿಷಿನಲ್ಲೂ 11 ಅಕ್ಷರ. ಮೇಲಿನ ಸಾಲಿಗೆ ‘ಕ್ಯಾಸಂ’ ಅಂತ ಆರು, ಕೆಳಗೆ ‘ಬಳ್ಳಿ’ ಅಂತ ಐದು. ಅಳತೆ ತೆಗೆದ ಹಾಗೆ ಕೂರುತ್ತೆ! ಕನ್ನಡದಲ್ಲಾದರೆ ಒಂದು ಅಕ್ಷರವೂ ಬರಲ್ಲ. ಯಾವ ಪ್ರೋಗ್ರಾಂ ಬರೆದರೂ ಬರಲ್ಲ, ಯಾಕಂದರೆ ತೀರ್ಮಾನ ಗಾಜಿನಲ್ಲೇ ಆಗಿಹೋಗಿದೆ. ಓದಲು ಬಾರದವರಿಗೆ ಧ್ವನಿಯ ಸೂಚನೆ ಇತ್ತು. ಕನ್ನಡ ಓದಲು ಬರೋ ನಮ್ಮಮ್ಮನಂಥವರನ್ನ ಯಾವ ಲೆಕ್ಕಕ್ಕೆ ಹಿಡಿದಿದ್ದರೋ.

ಇ-ಪೇಪರಿನ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡ್ತೀನಿ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ನಿಕ್ ಶೆರಿಡನ್ ಅರ್ಧ ಕಪ್ಪು ಅರ್ಧ ಬಿಳಿಯ ಸಣ್ಣ ಗುಂಡುಗಳನ್ನ ವಿದ್ಯುತ್ತಿನಿಂದ ತಿರುಗಿಸಿ ಪರದೆ ಮಾಡಿದರು. 1997ರಲ್ಲಿ ಎಂಐಟಿಯವರು ಕಟ್ಟಿದ ‘ಇ ಇಂಕ್’ ಕಂಪನಿ ಬೇರೆ ದಾರಿ ಹಿಡಿಯಿತು. ಕೂದಲಿನ ದಪ್ಪದ ಗುಳಿಗೆಗಳು, ಒಳಗೆ ಎಣ್ಣೆಯಂಥ ದ್ರವ, ಅದರಲ್ಲಿ ಬಿಳಿ ಕಣ, ಕಪ್ಪು ಕಣ, ಒಂದಕ್ಕೊಂದು ವಿರುದ್ಧ ವಿದ್ಯುದಂಶ. ಯಾವ ಕಡೆ ವಿದ್ಯುತ್ ಕೊಟ್ಟರೆ ಆ ಬಣ್ಣ ಮೇಲೆ ಬರುತ್ತೆ. ವಿದ್ಯುತ್ ತೆಗೆದರೂ ಅಲ್ಲೇ ನಿಲ್ಲುತ್ತೆ. ಕರೆಂಟು ಹೋದರೂ ಅಳಿಯದ ಬರಹ! 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಗಣಿಯ ಪಕ್ಕದ ಹಳ್ಳಿಗಳು ಅದಕ್ಕಾಗಿ ದಶಕಗಟ್ಟಲೆ ಕಾದವು. ಅಂಥ ಕಡೆಯವರಿಗೆ ಈ ಗುಣ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇ-ಪೇಪರಿನ ದೊಡ್ಡ ಗಿರಾಕಿಗಳಲ್ಲಿ ಒಂದು ಕಿಂಡಲ್. 2016ರ ಡಿಸೆಂಬರಿನಲ್ಲಿ ಅದು ಭಾರತದ ಐದು ಭಾಷೆಗಳಿಗೆ ಬಾಗಿಲು ತೆರೆಯಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಾವೆಲ್ಲ ಕೂಗಾಡಿದ್ದು ನೆನಪಿದೆ. ಅದೇ ವರ್ಷ ಕೇಂದ್ರ ಸರ್ಕಾರ, ದೇಶದಲ್ಲಿ ಮಾರೋ ಪ್ರತಿ ಫೋನಿನಲ್ಲೂ ಭಾರತದ ಎಲ್ಲ 22 ಅಧಿಕೃತ ಭಾಷೆಗಳ ಸಂದೇಶ ಓದುವಂತಿರಬೇಕು ಅಂತ ಐಎಸ್ 16333 ಮಾನಕವನ್ನ ಕಡ್ಡಾಯ ಮಾಡಿತು. ಕಡಿಮೆ ಬೆಲೆಯ ಫೋನಿಗೆ ಕನ್ನಡ ಬರೋಕೆ ಕಾನೂನೇ ಬೇಕಾಯಿತು ನೋಡಿ. ಬಿಡಿ ಬೋರ್ಡುಗಳಿಗೆ ಅಂಥ ಕಾನೂನಿಲ್ಲ.

ಸಣ್ಣ ಯಂತ್ರ, ಸಾಲಾಗಿ ಬಟನ್ನು, ಪಕ್ಕದಲ್ಲಿ ಅಚ್ಚುಕಟ್ಟಾದ ಕನ್ನಡ. ಹೀಗಿರೋದನ್ನ ನಮ್ಮೂರಿನ ಪ್ರತಿಯೊಬ್ಬ ವಯಸ್ಕರೂ ಮುಟ್ಟಿದ್ದಾರೆ. ಮತಯಂತ್ರ! ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಮಾಡೋದು. 2004ರ ಲೋಕಸಭಾ ಚುನಾವಣೆ ಪೂರ್ತಿ ಇದರಲ್ಲೇ ನಡೆಯಿತು. ಒಂದು ಬ್ಯಾಲೆಟ್ ಯೂನಿಟ್ಟಿನಲ್ಲಿ 16 ನೀಲಿ ಬಟನ್ನು. ಅಭ್ಯರ್ಥಿಯ ಹೆಸರು ಒಂದು ಒತ್ತೂ ತಪ್ಪದ ಹಾಗೆ ಇರುತ್ತೆ, ಯಾಕಂದರೆ ಅದು ನಿಜವಾದ ಕಾಗದ! ಅಚ್ಚು ಹಾಕಿದ ಹಾಳೆಯನ್ನ ಪಾರದರ್ಶಕ ಹೊದಿಕೆಯ ಕೆಳಗೆ ತೂರಿಸಿರುತ್ತಾರೆ. ಯಂತ್ರಕ್ಕೆ ಗೊತ್ತಿರೋದು ಎಷ್ಟನೇ ಬಟನ್ ಅನ್ನೋದು ಮಾತ್ರ, ಹೆಸರಲ್ಲ. ಆಮೇಲೆ ವಿವಿಪ್ಯಾಟ್ ಬಂತು, 2013ರಲ್ಲಿ ನಾಗಾಲ್ಯಾಂಡಿನಲ್ಲಿ ಮೊದಲ ಸಲ, 2019ರಲ್ಲಿ ದೇಶದ ಎಲ್ಲ ಮತಗಟ್ಟೆಗಳಲ್ಲಿ. ಏಳು ಸೆಕೆಂಡು ಕಾಣೋ ಆ ಚೀಟಿಯಲ್ಲಿ ಹೆಸರು ಅಚ್ಚಾಗಲೇಬೇಕು. ಇದಕ್ಕೂ ಯಂತ್ರಕ್ಕೆ ಲಿಪಿ ಕಲಿಸೋಕೆ ಹೋಗಲಿಲ್ಲ. ಕ್ರಮಸಂಖ್ಯೆ, ಹೆಸರು, ಚಿಹ್ನೆ ಸೇರಿದ ಚಿತ್ರವನ್ನೇ ಮೊದಲೇ ಮಾಡಿ ಒಳಗೆ ತುಂಬಿಸುತ್ತಾರೆ.

ನನ್ನ ಬೋರ್ಡಿಗೂ ಇದೇ ಸುಲಭದ ದಾರಿ. ಲ್ಯಾಪ್‌ಟಾಪಿನಲ್ಲಿ ಹಾರ್ಫ್‌ಬಜ್ ಇದೆ, ‘ಗುಬ್ಬಿ’, ‘ನವಿಲು’ ಅಂಥ ಒಳ್ಳೇ ಮುಕ್ತ ಫಾಂಟುಗಳಿವೆ. ಬೇಕಾದ ಪದಗಳನ್ನ ಅಲ್ಲೇ ಚಿತ್ರ ಮಾಡಿ ಬೋರ್ಡಿಗೆ ಕಳಿಸಬಹುದು. 160ಕ್ಕೆ 48 ಚುಕ್ಕಿಯಲ್ಲಿ ನಮ್ಮೂರಿನ ಹೆಸರು 960 ಬೈಟು. ಮೂರು ಬಟನ್ನಿನ ಹೆಸರುಗಳನ್ನ ಹಾಗೇ ಮಾಡಿದೆ: ‘ಬೆಳಿಗ್ಗೆ’, ‘ಸಂಜೆ’, ‘ಒಟ್ಟು’. ಪಕ್ಕದ ಎರಡು ಬಟನ್ನು ಲೀಟರು ಏರಿಸೋಕೆ, ಇಳಿಸೋಕೆ. ಇಂಥ ಬೋರ್ಡುಗಳ ಮಾದರಿ ಪ್ರೋಗ್ರಾಂಗಳಲ್ಲಿ ಬಟನ್ನಿನ ಹೆಸರಿಗೆ ಅಂತ ಕೆಳಗೆ 16 ಚುಕ್ಕಿ ಎತ್ತರದ ಪಟ್ಟಿ ಬಿಟ್ಟಿರುತ್ತಾರೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಒತ್ತು ಕತ್ತರಿಸಿ ಹೋಗಿ ‘ಒಟ್ಟು’ ‘ಒಟು’ ಆಗುತ್ತೆ. 28 ಚುಕ್ಕಿ ಕೊಟ್ಟರೆ ಸರಿ. ಬಟನ್ನಿನದ್ದು ಇನ್ನೊಂದು ಸೂಕ್ಷ್ಮ ಇದೆ. ಇ-ಪೇಪರ್ ಪೂರ್ತಿ ಬದಲಾಗೋಕೆ ಒಂದೆರಡು ಸೆಕೆಂಡು ತಗೊಳ್ಳುತ್ತೆ, ನಡುವೆ ಕಪ್ಪು ಬಿಳಿ ಮಿನುಗುತ್ತೆ. ಅಷ್ಟರಲ್ಲಿ ಅಮ್ಮ ‘ಏನೂ ಆಗಲಿಲ್ಲ’ ಅಂತ ಇನ್ನೊಂದು ಸಲ ಒತ್ತಿರುತ್ತಾಳೆ. ಮತಯಂತ್ರದಲ್ಲಿ ಒತ್ತಿದ ಕೂಡಲೇ ಕೆಂಪು ದೀಪ, ಉದ್ದನೆಯ ಬೀಪ್ ಯಾಕೆ ಇಟ್ಟಿದ್ದಾರೆ ಅಂತ ಆಗ ಹೊಳೀತು. ಒತ್ತಿದ ತಕ್ಷಣ ಸಣ್ಣ ಎಲ್‌ಇಡಿ ಬೆಳಗೋ ಹಾಗೆ ಮಾಡಿದೆ, ಪರದೆ ಬದಲಾಗೋವರೆಗೆ ಬೇರೆ ಒತ್ತನ್ನ ಲೆಕ್ಕಕ್ಕೆ ತಗೊಳ್ಳದ ಹಾಗೂ ಮಾಡಿದೆ.

ಚಿತ್ರದ ದಾರಿ ಮೊದಲೇ ಗೊತ್ತಿರೋ ಪದಕ್ಕೆ ಮಾತ್ರ. ನಾಳೆ ಅಮ್ಮನಿಗೆ ಫೋನಿನಿಂದ ಒಂದು ಸಾಲು ಕಳಿಸಬೇಕು, ‘ಶನಿವಾರ ಬರ್ತೀನಿ’ ಅಂತ. ಆಗ ಬೋರ್ಡೇ ಅಕ್ಷರ ಬಿಡಿಸಬೇಕು. ಎಲ್ಲ ಅಕ್ಷರಗಳ ಚಿತ್ರವನ್ನೂ ಇಟ್ಟುಬಿಟ್ಟರೆ? 34 ವ್ಯಂಜನ, ಪ್ರತಿಯೊಂದಕ್ಕೂ 34 ಒತ್ತು, ಪ್ರತಿ ಜೋಡಿಗೂ ಕಾಗುಣಿತ ಮತ್ತು ಅರ್ಧಾಕ್ಷರ ಸೇರಿ 14 ರೂಪ. ಗುಣಿಸಿದರೆ 16,184. 32ಕ್ಕೆ 32 ಚುಕ್ಕಿಯಲ್ಲಿ ಒಂದಕ್ಕೆ 128 ಬೈಟ್ ಅಂದರೂ 20 ಲಕ್ಷ ಬೈಟ್ ದಾಟುತ್ತೆ. ಬೋರ್ಡಿನ 2 ಎಂಬಿ ಪೂರ್ತಿ ಅಕ್ಷರಕ್ಕೇ ಸರಿ, ಪ್ರೋಗ್ರಾಮಿಗೆ ಜಾಗವಿಲ್ಲ. ಅದೂ ಎರಡು ಒತ್ತಿನ ‘ಸ್ತ್ರೀ’, ‘ರಾಷ್ಟ್ರ’ ಬಿಟ್ಟು!

ಇಲ್ಲಿ ನುಡಿ, ಬರಹದ ತುಂಡುಗಳು ಮತ್ತೆ ಕೈಹಿಡಿದವು. ಇನ್ನೂರರ ಒಳಗಿನ ತುಂಡು, ತಲಾ 128 ಬೈಟ್, ಒಟ್ಟು 25 ಕೆಬಿ. ಚಿಪ್ಪಿನ ನೆನಪಿನಲ್ಲಿ ಒಂದು ಮೂಲೆಗೆ ಸಾಕು. ಸಂದೇಶ ಬರೋದು ಯೂನಿಕೋಡಿನಲ್ಲೇ. ಅದನ್ನ ಅಕ್ಷರ ಅಕ್ಷರವಾಗಿ ಕತ್ತರಿಸಿ, ಮೊದಲ ವ್ಯಂಜನಕ್ಕೆ ಸ್ವರ ಅಂಟಿಸಿ, ಆಮೇಲೆ ಒತ್ತು ಇಳಿಸೋದು. ಮೈಕ್ರೋಪೈಥಾನಿನಲ್ಲಿ ನೂರೈವತ್ತು ಸಾಲು ಆಯಿತು. ಎರಡು ಕಡೆ ಮಾತ್ರ ಬೇರೆ ನಿಯಮ. ‘ಬರ್ತೀನಿ’ಯ ರ್ ಉಚ್ಚಾರದಲ್ಲಿ ಮೊದಲು ಬಂದರೂ ಅರ್ಕಾವೊತ್ತಾಗಿ ಕಡೆಗೆ ಹೋಗಬೇಕು. ‘ಕ್ಕೇ’ ಅಂಥ ಕಡೆ ದೀರ್ಘದ ಗುರುತು ಒತ್ತಿನ ಆಚೆಗೆ ಕೂರಬೇಕು. ಜಿಸ್ಟ್ ಕಾರ್ಡಿನವರು, ಕೆ.ಪಿ. ರಾಯರು, ಬರಹ ಮಾಡಿದವರು ಎಲ್ಲರೂ ಎಂದೋ ಬಗೆಹರಿಸಿದ ತೊಡಕುಗಳೇ ಇವು. ಯಂತ್ರ ಚಿಕ್ಕದಾದಾಗಲೆಲ್ಲ ಮತ್ತೆ ಮೊದಲಿಂದ ಬಗೆಹರಿಸಬೇಕಾಗಿದೆ ಅನ್ನೋದೇ ನನ್ನ ಬೇಸರ. ಇಂಗ್ಲಿಷಿನವರಿಗೆ ಎಂಟು ಚುಕ್ಕಿಯ ಫಾಂಟು ಚಿಪ್ಪಿನ ಜೊತೆಗೇ ಬರುತ್ತೆ. ನಮ್ಮದು ಯಾರೋ ಒಬ್ಬರು ಯಾವುದೋ ಮೂಲೆಯಲ್ಲಿ ಕೂತು ಮಾಡಿ, ಕಳೆದುಹೋಗಿ, ಮತ್ತೆ ಇನ್ನೊಬ್ಬರು ಮಾಡೋದು.

ಈಗ ಬೋರ್ಡಿನ ತಲೆಯಲ್ಲಿ ‘ಕ್ಯಾಸಂಬಳ್ಳಿ’ ಅಂತ ನಾಲ್ಕು ಅಕ್ಷರ ನಿಂತಿದೆ, 9 ತುಂಡಿನಲ್ಲಿ. ಅಮ್ಮ ನೋಡಿ, ಯ ಒತ್ತು ಸಕಾರಕ್ಕೆ ತಗಲ್ತಿದೆ ಅಂದಳು. ನಿಜ, ಎರಡು ಚುಕ್ಕಿ ಎಡಕ್ಕೆ ಸರಿಸಬೇಕು. ತುಂಡುಗಳ ಪಟ್ಟಿಯಲ್ಲಿ ಸದ್ಯಕ್ಕೆ 187 ಇವೆ. ಙ, ಞಗಳ ಒತ್ತು ಬಿಟ್ಟಿದ್ದೀನಿ, ಋಕಾರದ ಗುರುತು ಇನ್ನೂ ಸೊಟ್ಟಗಿದೆ. ಪಟ್ಟಿ, ಚಿತ್ರ, ಪ್ರೋಗ್ರಾಂ ಯಾರಿಗಾದರೂ ಬೇಕಿದ್ದರೆ ಕೇಳಿ, ಕಳಿಸ್ತೀನಿ. ತೆಲುಗಿಗೂ ಒಂದು ಮಾಡೋಣ ಅಂತ ಪಕ್ಕದ ಮನೆಯವರು ಕೇಳ್ತಿದ್ದಾರೆ. ಒತ್ತುಗಳಲ್ಲಿ ಅರ್ಧಕ್ಕರ್ಧ ನಮ್ಮವೇ ನಡೆಯುತ್ತವೆ, ತಲೆಕಟ್ಟನ್ನ ಮಾತ್ರ ಹೊಸದಾಗಿ ಬಿಡಿಸಬೇಕು.